ಪುಡಿ ಕೊಡವಿ ಹಾರುವ ಪತಂಗ



ಪರಿಸರದ ಮೇಲೆ ಮಾತಾಡಬೇಕು ಎಂದು ಸಂಘಟಕರು ಕೇಳಿದರು. ಅಷ್ಟು ದೊಡ್ಡ ವಿಷಯ ನನ್ನ ಕೈಗೆ ದಕ್ಕುವುದಲ್ಲ. ಅದಕ್ಕೆ ಒಂದೇ ಒಂದು ಪತಂಗವನ್ನು ಆರಿಸಿಕೊಂಡು ಬಂದಿದ್ದೇನೆ. ಅದರ ಶಾಸ್ತ್ರೀಯ ಹೆಸರು ಸೆಫನೋಡಿಸ್ ಹೈಲಾಸ್. ಸ್ಫಿಂಜಿಡೇ ಎಂಬ ಕುಟುಂಬದ್ದು, ಅಂದರೆ ನಾವು ಕನ್ನಡದಲ್ಲಿ ಗಿಡುಗ ಪತಂಗ ಎನ್ನುವ ಬಳಗದ್ದು. ಕಾಫಿ ಗಿಡದ ಎಲೆಯನ್ನೂ ತಿನ್ನುವುದರಿಂದ ಇಂಗ್ಲಿಷಿನವರು ಅದಕ್ಕೆ ಕಾಫಿಯ ಹೆಸರನ್ನೂ ಸೇರಿಸಿದರು. ನಾನು ಈ ಮಾತಿನುದ್ದಕ್ಕೂ ಅದನ್ನು ಗಾಜುರೆಕ್ಕೆ ಎಂದು ಕರೆಯುತ್ತೇನೆ. ಇದು ನಾನಿಟ್ಟ ಅನುಕೂಲದ ಹೆಸರು, ಪುಸ್ತಕದ್ದಲ್ಲ.

ಇದು ಅಪರೂಪದ ಜೀವಿಯೇನೂ ಅಲ್ಲ. ಇದನ್ನು ನೋಡಲು ಕಾಡಿಗೆ ಹೋಗುವ ಅಗತ್ಯವೂ ಇಲ್ಲ. ಅಂಗಳದಲ್ಲಿ ಗಂಧರಾಜದ ಗಿಡವಿದ್ದರೆ, ಪಕ್ಕದಲ್ಲಿ ಕೇಪಳವೋ ಲಂಟಾನವೋ ಹೂ ಬಿಟ್ಟಿದ್ದರೆ ಸಾಕು, ವರ್ಷದಲ್ಲಿ ಕೆಲವು ದಿನವಾದರೂ ಅದು ಅಲ್ಲಿಗೆ ಬರುತ್ತದೆ. ಭಾರತ, ಶ್ರೀಲಂಕಾದಿಂದ ಹಿಡಿದು ಆಗ್ನೇಯ ಏಷ್ಯಾ, ಚೀನಾ, ಜಪಾನ್‌ವರೆಗೆ ಹಬ್ಬಿರುವ ಜಾತಿ. ಇಷ್ಟು ಹತ್ತಿರದ್ದಾದರೂ ಅದರ ಬದುಕನ್ನು ಪೂರ್ತಿ ನೋಡಿದವರು ಕಡಿಮೆ. ಇವತ್ತು ನಾನು ಹೇಳಬೇಕೆಂದಿರುವುದೂ ಇಷ್ಟೇ: ಈ ಪತಂಗವನ್ನು ಬಲೆ ಬೀಸಿ ಹಿಡಿದವನು ಅರ್ಧ ಮಾತ್ರ ಕಂಡಿರುತ್ತಾನೆ. ಸಾಕಿದವನು ಪೂರ್ತಿ ಕಾಣುತ್ತಾನೆ. ಏಕೆ ಎಂಬುದನ್ನು ಅದರ ರೆಕ್ಕೆಯೇ ಹೇಳುತ್ತದೆ.

ಮೊದಲು ರೂಪ. ರೆಕ್ಕೆ ಬಿಚ್ಚಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಐದಾರು ಸೆಂಟಿಮೀಟರ್. ಮೈ ಮಾತ್ರ ದಪ್ಪ, ಎರಡೂ ತುದಿಗೆ ಸಣ್ಣದಾಗುತ್ತ ಹೋಗುವ ಕದಿರಿನ ಆಕಾರ. ತಲೆ ಮತ್ತು ಎದೆಯ ಮೇಲೆ ಹಸಿರು ಹಳದಿ ಬೆರೆತ ಒತ್ತು ರೋಮ. ಹೊಟ್ಟೆಯ ನಡುವೆ ಕಪ್ಪುಗೆಂಪಿನ ಒಂದು ಪಟ್ಟಿ, ಸೊಂಟಕ್ಕೆ ಕಟ್ಟಿದಂತೆ. ಅದರ ಹಿಂದೆ ಮತ್ತೆ ಹಳದಿ ಛಾಯೆ. ಕಟ್ಟಕಡೆಗೆ ಕಪ್ಪು ಕೂದಲಿನ ಕುಚ್ಚು. ಹೂವಿನ ಮುಂದೆ ನಿಂತು ತಿರುಗುವಾಗ ಈ ಕುಚ್ಚು ಬೀಸಣಿಗೆಯಂತೆ ಅರಳುತ್ತದೆ. ಕಣ್ಣು ದೊಡ್ಡವು. ಕುಡಿಮೀಸೆ ತುದಿಯ ಕಡೆಗೆ ದಪ್ಪವಾಗಿ, ಕೊನೆಯಲ್ಲಿ ಸಣ್ಣ ಕೊಕ್ಕೆಯಾಗಿ ಬಾಗಿರುತ್ತದೆ. ರೆಕ್ಕೆಗಳಲ್ಲಿ ಬಣ್ಣವೇ ಇಲ್ಲ. ಕಂದು ನರಗಳ ನಡುವೆ ಆಚೆಯದ್ದು ಕಾಣುವಷ್ಟು ತಿಳಿ. ಬುಡದಲ್ಲಿ ಒಂದಿಷ್ಟು ಹಸಿರು, ಅಂಚಿನಲ್ಲಿ ಕಪ್ಪಿನ ತೆಳು ಗೆರೆ, ಅಷ್ಟೇ.

ಇದು ಹೂವಿನ ಮೇಲೆ ಕೂರುವುದಿಲ್ಲ. ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಸುರುಳಿ ಬಿಚ್ಚಿದ ಸೊಂಡಿಲನ್ನು ಒಳಗಿಳಿಸಿ ಮಕರಂದ ಹೀರುತ್ತದೆ. ಒಂದು ಹೂವಿಗೆ ಒಂದೆರಡು ಸೆಕೆಂಡು, ಆಮೇಲೆ ಪಕ್ಕದ್ದು. ರೆಕ್ಕೆಯ ಬಡಿತ ಕಣ್ಣಿಗೆ ಸಿಗದು, ಗುಂಯ್ ಎಂಬ ಸದ್ದು ಕಿವಿಗೆ ಸಿಗುತ್ತದೆ. ಅದಕ್ಕೇ ಅನೇಕರು ಇದನ್ನು ದೊಡ್ಡ ದುಂಬಿ ಎಂದುಕೊಂಡು ಮಕ್ಕಳನ್ನು ದೂರ ಎಳೆಯುತ್ತಾರೆ. ಇನ್ನು ಕೆಲವರು ಮೊಬೈಲಿನಲ್ಲಿ ವಿಡಿಯೋ ತೆಗೆದು, ನಮ್ಮ ತೋಟಕ್ಕೆ ಹಮ್ಮಿಂಗ್‌ಬರ್ಡ್ ಬಂದಿತ್ತು ಎಂದು ನನಗೆ ಕಳಿಸುತ್ತಾರೆ. ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳ ಹಕ್ಕಿ. ಅಲ್ಲಿ ಬಿಟ್ಟರೆ ಇನ್ನೆಲ್ಲೂ ಕಾಡಿನಲ್ಲಿ ಇಲ್ಲ. ನೀವು ಕಂಡದ್ದು ಪತಂಗ, ಇಲ್ಲವೇ ಸೂರಕ್ಕಿ. ಕುಡಿಮೀಸೆ ಇದ್ದರೆ ಹಕ್ಕಿಯಲ್ಲ ಎಂದು ನಾನು ಉತ್ತರ ಬರೆಯುತ್ತೇನೆ. ಅವರಿಗೆ ಸ್ವಲ್ಪ ಬೇಸರವಾಗುತ್ತದೆ.

ದುಂಬಿಯ ಹಾಗೆ ಕಾಣುವುದರಿಂದ ಪತಂಗಕ್ಕೆ ಲಾಭವಿದೆಯೇ? ಹಗಲಲ್ಲಿ ಹಾರುವ ಕೀಟಕ್ಕೆ ಹಕ್ಕಿಯೇ ಮುಖ್ಯ ಶತ್ರು, ರಾತ್ರಿ ಹಾರುವುದಕ್ಕೆ ಬಾವಲಿ. ಬಾವಲಿ ಸದ್ದಿನಿಂದ ಹಿಡಿಯುತ್ತದೆ, ಅದರ ಮುಂದೆ ವೇಷ ನಡೆಯದು. ಹಕ್ಕಿ ಕಣ್ಣಿನಿಂದ ಹಿಡಿಯುತ್ತದೆ, ಅಲ್ಲಿ ವೇಷಕ್ಕೆ ಬೆಲೆಯಿದೆ. ಕುಟುಕುವ ಹುಳುವಿನ ರುಚಿ ಒಮ್ಮೆ ಕಂಡ ಹಕ್ಕಿ ಅದೇ ಮೈಕಟ್ಟಿನ, ಅದೇ ಪಟ್ಟಿಯ ಇನ್ನೊಂದನ್ನು ಬಿಟ್ಟುಬಿಡುವ ಸಾಧ್ಯತೆ ಹೆಚ್ಚು. ಗಾಜುರೆಕ್ಕೆಗೆ ಕುಟುಕುವ ಮುಳ್ಳಿಲ್ಲ, ವಿಷವಿಲ್ಲ. ಇರುವುದು ಹೊಟ್ಟೆಯ ಪಟ್ಟಿ, ಗುಂಯ್‌ಗುಟ್ಟುವ ಸದ್ದು ಮತ್ತು ತಿಳಿಯಾದ ರೆಕ್ಕೆ. ಈ ಮೂರರಲ್ಲಿ ಮೂರನೆಯದು ಪತಂಗಕ್ಕೆ ಹುಟ್ಟಿನಿಂದ ಬಂದದ್ದಲ್ಲ ಎಂಬುದು ನನ್ನ ಮಾತಿನ ತಿರುಳು.

ಚಿಟ್ಟೆ, ಪತಂಗ ಎರಡೂ ಸೇರಿದ ಗಣಕ್ಕೆ ಲೆಪಿಡಾಪ್ಟೆರಾ ಎಂದು ಹೆಸರು. ಹುರುಪೆ ಹೊದ್ದ ರೆಕ್ಕೆಯೇ ಈ ಗಣದ ಗುರುತು. ಚಿಟ್ಟೆಯನ್ನು ಹಿಡಿದು ಬಿಟ್ಟ ಮೇಲೆ ಬೆರಳಿಗೆ ಅಂಟುವ ಪುಡಿಯೇ ಈ ಹುರುಪೆಗಳು. ಒಂದೊಂದೂ ಒಂದು ಚಪ್ಪಟೆ ಎಸಳು, ಬುಡದಲ್ಲಿ ಸಣ್ಣ ತೊಟ್ಟು, ಆ ತೊಟ್ಟು ರೆಕ್ಕೆಯ ಪೊರೆಯ ಗುಳಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಹಂಚಿನ ಮಾಡಿನ ಹಾಗೆ ಸಾಲು ಸಾಲಾಗಿ ಒಂದರ ಮೇಲೊಂದು. ರೆಕ್ಕೆಯ ಬಣ್ಣ, ಚಿತ್ತಾರ ಬಹುಮಟ್ಟಿಗೆ ಇವುಗಳದ್ದೇ. ಹುರುಪೆ ತೆಗೆದರೆ ಬಹುಪಾಲು ಚಿಟ್ಟೆಗಳ ರೆಕ್ಕೆ ಬರೀ ಪಾರದರ್ಶಕ ಪೊರೆ.

ಗಾಜುರೆಕ್ಕೆ ಕೋಶ ಒಡೆದು ಹೊರಬರುವಾಗ ಅದಕ್ಕೂ ಹುರುಪೆ ಇರುತ್ತದೆ. ಇದನ್ನು ಹತ್ತಿರದಿಂದ ನೋಡಬೇಕು. ಕೋಶದಿಂದ ಬಂದದ್ದು ಮೊದಲು ಒದ್ದೆ ಮುದ್ದೆ, ರೆಕ್ಕೆಗಳು ಎದೆಯ ಎರಡು ಬದಿಯಲ್ಲಿ ಸುಕ್ಕಾದ ಸಣ್ಣ ಚೂರುಗಳು. ಅದು ಅವಸರದಲ್ಲಿ ಕಡ್ಡಿಯೋ ಗೋಡೆಯೋ ಸಿಕ್ಕಿದ್ದನ್ನು ಹತ್ತುತ್ತದೆ, ರೆಕ್ಕೆ ಕೆಳಗೆ ಜೋತುಬೀಳುವ ಹಾಗೆ ಕಾಲೂರುತ್ತದೆ. ಹತ್ತಲು ಏನೂ ಸಿಗದಿದ್ದರೆ ರೆಕ್ಕೆ ಸುಕ್ಕಾಗಿಯೇ ಒಣಗಿ, ಆ ಪತಂಗ ಎಂದೂ ಹಾರದು. ಮೈಯ ದ್ರವ ನರಗಳಿಗೆ ನುಗ್ಗಿ ರೆಕ್ಕೆ ನಿಧಾನಕ್ಕೆ ಹಿಗ್ಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಆಗ ನೋಡಿದರೆ ನಾಲ್ಕೂ ರೆಕ್ಕೆಗಳ ಮೇಲೆ ಮಾಸಲು ಬೂದು ಪುಡಿ. ಒಲೆಯ ಬೂದಿ ಮೆತ್ತಿದ ಗಾಜು ಎನ್ನಿ. ಪುಸ್ತಕದಲ್ಲಿ ನೋಡಿದ ಪತಂಗ ಇದೇ ಎಂದು ಯಾರೂ ಹೇಳಲಾರರು.

ಆಮೇಲೆ ಅದು ನಡುಗಲು ಶುರುಮಾಡುತ್ತದೆ. ಇದು ಹೆದರಿಕೆಯ ನಡುಕವಲ್ಲ. ಗಿಡುಗ ಪತಂಗಗಳ ಹಾರುವ ಸ್ನಾಯು ತಣ್ಣಗಿದ್ದರೆ ಕೆಲಸ ಮಾಡುವುದಿಲ್ಲ. ಎದೆಯೊಳಗಿನ ಬಿಸಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅದಕ್ಕಾಗಿ ಕೂತಲ್ಲೇ ಸ್ನಾಯುಗಳನ್ನು ಬಿಗಿಸಿ ಸಡಿಲಿಸಿ ಮೈ ಕಾಯಿಸಿಕೊಳ್ಳುತ್ತದೆ. ಎದೆಯ ಮೇಲಿನ ಒತ್ತು ರೋಮ ಆ ಬಿಸಿಯನ್ನು ಹಿಡಿದಿಡುತ್ತದೆ. ನಡುಕ ಏರುತ್ತ ಹೋಗಿ ರೆಕ್ಕೆಯ ಅಂಚು ಮಸುಕಾಗುತ್ತದೆ, ಆಗ ಪುಡಿ ಏಳುತ್ತದೆ. ಪತಂಗದ ಸುತ್ತ ಒಂದು ಕ್ಷಣ ಬೂದು ಧೂಳು. ಅದು ಎದ್ದು ಹಾರಿದ ಮೇಲೆ ಕೆಳಗೆ ಹಾಸಿದ ಕಪ್ಪು ಕಾಗದದ ಮೇಲೆ ಆ ಹುರುಪೆಗಳು ಬಿದ್ದಿರುತ್ತವೆ, ಭೂತಗನ್ನಡಿಯಲ್ಲಿ ಲೆಕ್ಕ ಹಾಕಬಹುದು. ಈ ಜಾತಿಯ ಹುರುಪೆಗಳ ಹಿಡಿತವೇ ಸಡಿಲ. ಮೊದಲ ಹಾರಾಟದ ಕಂಪನಕ್ಕೇ ಅವು ಕಿತ್ತುಬರುತ್ತವೆ. ನರಗಳ ಗುಂಟ, ಬುಡದಲ್ಲಿ, ಅಂಚಿನಲ್ಲಿ ಇರುವವು ಮಾತ್ರ ಗಟ್ಟಿಯಾಗಿ ನಿಲ್ಲುತ್ತವೆ.

ಹೀಗೆ ಬೋಳಾದ ರೆಕ್ಕೆ ಕೇವಲ ಬೋಳು ಪೊರೆಯಾಗಿದ್ದರೆ ಬಿಸಿಲಿಗೆ ಹೊಳೆಯುತ್ತಿತ್ತು. ಕಿಟಕಿಯ ಗಾಜು ದೂರದಿಂದ ಮಿಂಚುವುದನ್ನು ಎಲ್ಲರೂ ಕಂಡಿದ್ದೇವೆ. ಹಾರುವಾಗ ಹಾಗೆ ಮಿಂಚಿದರೆ ಹಕ್ಕಿಗೆ ತಾನಿಲ್ಲಿದ್ದೇನೆ ಎಂದು ಕೂಗಿ ಹೇಳಿದಂತೆ. ಗಾಜುರೆಕ್ಕೆ ಅಷ್ಟಾಗಿ ಮಿಂಚುವುದಿಲ್ಲ. ಜಪಾನಿನ ಸಂಶೋಧಕರು ಈ ಜಾತಿಯ ರೆಕ್ಕೆಯನ್ನೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಡಿಗೆ ಇಟ್ಟು 1997ರಲ್ಲಿ ಅದರ ಕಾರಣವನ್ನು ಪ್ರಕಟಿಸಿದರು. ಪೊರೆಯ ಮೇಲೆಲ್ಲ ಒತ್ತೊತ್ತಾಗಿ ಸೂಕ್ಷ್ಮ ಮೊಳೆಗಳಿವೆ. ಒಂದರಿಂದ ಇನ್ನೊಂದಕ್ಕೆ ಸುಮಾರು 200 ನ್ಯಾನೋಮೀಟರ್ ದೂರ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700. ಅಲೆಗಿಂತ ಸಣ್ಣ ಮೊಳೆಗಳಾದ್ದರಿಂದ ಬೆಳಕಿಗೆ ಅವು ಬೇರೆ ಬೇರೆಯಾಗಿ ತೋರುವುದಿಲ್ಲ. ಗಾಳಿಯಿಂದ ಪೊರೆಗೆ ಹೋಗುವ ದಾರಿ ಮೆಟ್ಟಿಲಿಲ್ಲದೆ ಇಳಿಜಾರಾಗುತ್ತದೆ. ದಿಢೀರ್ ಬದಲಾವಣೆ ಇಲ್ಲದಲ್ಲಿ ಬೆಳಕು ಹಿಂದಕ್ಕೆ ಪುಟಿಯುವುದು ಕಡಿಮೆ. ಇದೇ ಬಗೆಯ ಮೊಳೆಗಳು ರಾತ್ರಿ ಪತಂಗಗಳ ಕಣ್ಣಿನ ಮೇಲ್ಮೈಯಲ್ಲಿವೆ ಎಂಬುದು 1960ರ ದಶಕದಲ್ಲೇ ತಿಳಿದಿತ್ತು. ಪ್ರತಿಫಲನ ತಗ್ಗಿಸುವ ಪರದೆ, ಸೌರಫಲಕಗಳ ಲೇಪನ ಮಾಡುವವರು ಆ ಉಪಾಯವನ್ನು ಬಳಸಿಕೊಳ್ಳುತ್ತಿದ್ದಾರೆ. ಪತಂಗದಿಂದ ಮನುಷ್ಯನಿಗೆ ಏನು ಉಪಯೋಗ ಎಂದು ಪ್ರತಿ ಸಭೆಯಲ್ಲೂ ಒಬ್ಬರು ಕೇಳುತ್ತಾರೆ. ಅವರಿಗೆ ಈ ಉದಾಹರಣೆ ಸಾಕು. ನನಗೆ ಆ ಪ್ರಶ್ನೆಯ ಮೇಲೆ ಅಷ್ಟು ಪ್ರೀತಿಯಿಲ್ಲ.

ಸ್ವೀಡನ್ನಿನ ನಿಸರ್ಗಶಾಸ್ತ್ರಜ್ಞ ಲಿನೇಯಸ್ ಈ ಪತಂಗಕ್ಕೆ ಹೆಸರಿಟ್ಟದ್ದು 1771ರಲ್ಲಿ, ಗಿಡಗಳ ಮೇಲೆ ಬರೆದ ಒಂದು ಪುರವಣಿ ಗ್ರಂಥದ ಕೊನೆಯಲ್ಲಿ ಸೇರಿಸಿದ ಪ್ರಾಣಿಗಳ ಪಟ್ಟಿಯಲ್ಲಿ. ಹಡಗಿನಲ್ಲಿ ಸ್ವೀಡನ್ನಿಗೆ ಬರುತ್ತಿದ್ದ ಇಂಥ ಮಾದರಿಗಳು ಒಣಗಿದವು, ಸೂಜಿಗೆ ಚುಚ್ಚಿದವು. ಆ ಕಾಲದ ವಿವರಣೆ ಎಂದರೆ ನಾಲ್ಕೈದು ಸಾಲಿನ ಲ್ಯಾಟಿನ್. ರೆಕ್ಕೆ ಹೀಗೆ, ಹೊಟ್ಟೆ ಹೀಗೆ. ಅವನನ್ನು ದೂರುವಂತಿಲ್ಲ. ಆದರೆ ಹೂವಿನ ಮುಂದೆ ಹಿಡಿದ ಯಾವ ಗಾಜುರೆಕ್ಕೆಯ ಮೇಲೂ ಆ ಬೂದು ಪುಡಿ ಇರುವುದಿಲ್ಲ. ಬಲೆಗೆ ಬೀಳುವಷ್ಟರಲ್ಲಿ ಅದು ಹಾರಿರುತ್ತದೆ, ಹಾರಿದೊಡನೆ ಪುಡಿ ಹೋಗಿರುತ್ತದೆ. ಸಾವಿರ ಮಾದರಿ ಕೂಡಿಹಾಕಿದರೂ ಇದೊಂದು ಸಂಗತಿ ಗೊತ್ತಾಗುವುದಿಲ್ಲ. ಮೊಟ್ಟೆಯಿಂದ ಸಾಕಿ, ಕೋಶದ ಮುಂದೆ ಕೂತವನಿಗೆ ಒಂದೇ ಮಾದರಿಯಲ್ಲಿ ಗೊತ್ತಾಗುತ್ತದೆ.

ಹಾಗೆ ಸಾಕಿದವನೊಬ್ಬ ನಮ್ಮ ಉತ್ತರ ಕನ್ನಡದಲ್ಲಿದ್ದ. ಥಾಮಸ್ ರೀಡ್ ಡೇವಿಸ್ ಬೆಲ್, ಐರ್ಲೆಂಡಿನಲ್ಲಿ 1863ರಲ್ಲಿ ಹುಟ್ಟಿದವನು. 1884ರಲ್ಲಿ ಅರಣ್ಯ ಇಲಾಖೆ ಸೇರಿ ಧಾರವಾಡಕ್ಕೆ ಬಂದ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಉತ್ತರ ಕನ್ನಡದಲ್ಲಿ ಅವನಿಗೆ ಇಬ್ಬರು ಜೊತೆಗಾರರು ಸಿಕ್ಕರು: ಉಪ್ಪು ಮತ್ತು ಸುಂಕದ ಇಲಾಖೆಯ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್, ಜಿಲ್ಲೆಯ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್. ಏಟ್ಕನ್ ನಗೆಬರಹಕ್ಕೆ ಹೆಸರಾದವನು, ಇ.ಎಚ್.ಎ. ಎಂಬ ಸಹಿಯಲ್ಲಿ ಬರೆಯುತ್ತಿದ್ದ. ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಮೇಲೆ ಬರೆದ ಲೇಖನಗಳು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1890ರ ದಶಕದಲ್ಲಿ ಬಂದವು. ಅವುಗಳ ವಿಶೇಷ ಇರುವುದು ಮರಿಹುಳುಗಳ ವರ್ಣನೆಯಲ್ಲಿ. ಯಾವ ಹುಳು ಯಾವ ಎಲೆ ತಿನ್ನುತ್ತದೆ, ಎಲ್ಲಿ ಕೂರುತ್ತದೆ, ಕೋಶವನ್ನು ಹೇಗೆ ಕಟ್ಟುತ್ತದೆ, ಇದನ್ನೆಲ್ಲ ಅವರು ಸಾಕಿ ನೋಡಿ ಬರೆದರು. ಲಂಡನ್ನಿನ ಸಂಗ್ರಹಾಲಯದಲ್ಲಿ ಕೂತು ರೆಕ್ಕೆಯ ಚುಕ್ಕೆ ಎಣಿಸುತ್ತಿದ್ದವರಿಗೆ ಇದು ಸಾಧ್ಯವಿರಲಿಲ್ಲ.

ನಿವೃತ್ತನಾದ ಮೇಲೂ ಬೆಲ್ ಊರಿಗೆ ಹೋಗಲಿಲ್ಲ. ಕಾರವಾರದಲ್ಲೇ ಉಳಿದ, 1948ರಲ್ಲಿ ಅಲ್ಲೇ ತೀರಿಕೊಂಡ. ಮೇಜರ್ ಸ್ಕಾಟ್ ಎಂಬ ಸೈನ್ಯಾಧಿಕಾರಿಯೊಡನೆ ಸೇರಿ ಅವನು ಬರೆದ ಗಿಡುಗ ಪತಂಗಗಳ ಸಂಪುಟ 1937ರಲ್ಲಿ ಬಂತು. ಬ್ರಿಟಿಷ್ ಇಂಡಿಯಾದ ಪ್ರಾಣಿಗಳ ಮಾಲೆಯಲ್ಲಿ ಅದು ಪತಂಗಗಳ ಐದನೆಯ ಸಂಪುಟ. ಅದಕ್ಕೆ ಮುಂಚಿನ ನಾಲ್ಕನ್ನು 1892ರಿಂದ 1896ರ ಒಳಗೆ ಬರೆದವನು ಜಾರ್ಜ್ ಹ್ಯಾಂಪ್ಸನ್, ನೀಲಗಿರಿಯಲ್ಲಿ ಚಹಾ ತೋಟ ಮಾಡಿದ್ದವನು. ಹ್ಯಾಂಪ್ಸನ್ನನ ನಾಲ್ಕು ಸಂಪುಟ ಬಹುಮಟ್ಟಿಗೆ ಸತ್ತ ಪತಂಗಗಳ ಪಟ್ಟಿ. ಅದೂ ಬೇಕು, ಅದಿಲ್ಲದೆ ಹೆಸರು ಹಿಡಿಯಲಾಗದು. ಆದರೆ ಬೆಲ್ ಮತ್ತು ಸ್ಕಾಟ್‌ರ ಪುಸ್ತಕದಲ್ಲಿ ಮೊಟ್ಟೆಯಿಂದ ಕೋಶದವರೆಗಿನ ಒಂದೊಂದು ಅವಸ್ಥೆಯೂ ಇದೆ. ಎಂಬತ್ತು ವರ್ಷ ದಾಟಿದರೂ ಗಿಡುಗ ಪತಂಗದ ಹುಳು ಕಂಡಾಗ ನಾನು ಮೊದಲು ತೆಗೆಯುವುದು ಅದನ್ನೇ. ಅಷ್ಟೊಂದು ಹುಳುಗಳನ್ನು ಒಬ್ಬ ಸಾಹೇಬ ಒಬ್ಬನೇ ಮರ ಹತ್ತಿ ಹುಡುಕಿರಲಾರ ಎಂಬುದನ್ನೂ ಹೇಳಬೇಕು. ಗಿಡದ ಗುರುತಿದ್ದ, ಹುಳುವಿನ ಜಾಗ ತಿಳಿದಿದ್ದ ಊರಿನ ಕೈಗಳು ಅದರ ಹಿಂದೆ ಇದ್ದೇ ಇದ್ದವು. ಪುಸ್ತಕದ ಮುಖಪುಟದಲ್ಲಿ ಅವರಿಗೆ ಜಾಗವಿಲ್ಲ.

ಇನ್ನು ಹುಳುವಿನ ಬದುಕಿಗೆ ಬರುತ್ತೇನೆ. ತಾಯಿ ಪತಂಗ ಮೊಟ್ಟೆಯಿಡಲು ಹುಡುಕುವುದು ಕಾಫಿಯ ಕುಟುಂಬದ ಗಿಡಗಳನ್ನು, ರೂಬಿಯೇಸೀ ಎಂಬ ಕುಟುಂಬ. ಮನೆಯಂಗಳದ ಗಂಧರಾಜ, ಕಾಡಿನ ಬಿಕ್ಕೆ, ಬೇಲಿಯ ಕಾರೆ, ತೋಟದ ಕಾಫಿ ಎಲ್ಲ ಇದೇ ಬಳಗ. ಮೊಟ್ಟೆಯಿಡುವಾಗಲೂ ಅದು ಪೂರ್ತಿ ಕೂರುವುದಿಲ್ಲ. ಚಿಗುರಿನ ಪಕ್ಕ ಗಾಳಿಯಲ್ಲಿ ನಿಂತು, ಹೊಟ್ಟೆಯ ತುದಿಯನ್ನು ಬಾಗಿಸಿ ಎಲೆಗೆ ಮುಟ್ಟಿಸಿ, ಒಂದು ಮೊಟ್ಟೆ ಅಂಟಿಸಿ ಮುಂದಕ್ಕೆ ಹೋಗುತ್ತದೆ. ಒಂದೆಡೆ ಒಂದೇ. ಒಂದು ಗಿಡದಲ್ಲಿ ಹತ್ತಾರು ಹುಳು ಕಂಡರೆ ತಾಯಿ ಹತ್ತಾರು ಬಾರಿ ಮುಟ್ಟಿದೆ ಎಂದರ್ಥ, ಅಥವಾ ಒಂದಕ್ಕಿಂತ ಹೆಚ್ಚು ತಾಯಂದಿರು ಬಂದಿದ್ದಾರೆ. ಮೊಟ್ಟೆ ದುಂಡಗೆ, ತಿಳಿ ಹಸಿರು, ಸಾಸಿವೆಗಿಂತ ದೊಡ್ಡದಲ್ಲ. ನಮ್ಮ ಕರಾವಳಿಯ ಸೆಕೆಯಲ್ಲಿ ಕೆಲವೇ ದಿನದಲ್ಲಿ ಒಡೆಯುತ್ತದೆ.

ಹೊರಬಂದ ಮರಿ ಮಾಸಲು ಹಳದಿ, ಬಾಲದ ಮೇಲೆ ಮೈಗೆ ಹೋಲಿಸಿದರೆ ತೀರಾ ದೊಡ್ಡದೆನಿಸುವ ಕಪ್ಪು ಕೊಂಬು. ಗಿಡುಗ ಪತಂಗದ ಹುಳುಗಳ ಗುರುತೇ ಈ ಕೊಂಬು. ಮೆತ್ತಗಿರುತ್ತದೆ, ಚುಚ್ಚುವುದಿಲ್ಲ, ವಿಷವೂ ಇಲ್ಲ. ಕಂಬಳಿಹುಳುವಿನ ತುರಿಕೆಯ ನೆನಪಿನಿಂದ ಜನ ಇದನ್ನೂ ಮುಟ್ಟಲು ಹೆದರುತ್ತಾರೆ. ಇದರ ಮೈಮೇಲೆ ರೋಮವೇ ಇಲ್ಲ. ಎಲೆಯ ಅಂಚಿನಿಂದ ಶುರುಮಾಡಿ ನಡುನರದವರೆಗೆ ಕತ್ತರಿಸುತ್ತ ಹೋಗುತ್ತದೆ, ಚಿಗುರಾದರೆ ನಡುನರವನ್ನೂ ಬಿಡುವುದಿಲ್ಲ. ಬೆಳೆಯುವಾಗ ನಾಲ್ಕು ಸಲ ಪೊರೆ ಕಳಚುತ್ತದೆ. ಜೀವಮಾನದ ಊಟದ ಬಹುಪಾಲನ್ನು ಕೊನೆಯ ಹಂತದಲ್ಲಿ, ಕೊನೆಯ ಕೆಲವೇ ದಿನಗಳಲ್ಲಿ ಮುಗಿಸುತ್ತದೆ. ಅದಕ್ಕೇ ನಿನ್ನೆಯವರೆಗೆ ಚೆನ್ನಾಗಿದ್ದ ಗಿಡ ಒಂದೇ ರಾತ್ರಿಯಲ್ಲಿ ಬೋಳಾಯಿತು ಎಂದು ಮನೆಯವರು ದೂರುವುದು. ರಾತ್ರೋರಾತ್ರಿ ಏನೂ ಆಗಿಲ್ಲ. ಹುಳು ಎರಡು ವಾರದಿಂದ ಅಲ್ಲೇ ಇತ್ತು.

ಅದು ಕಾಣದಿರುವುದಕ್ಕೂ ಕಾರಣವಿದೆ. ಪೂರ್ತಿ ಬೆಳೆದ ಹುಳು ಆರು ಸೆಂಟಿಮೀಟರಿನಷ್ಟು ಉದ್ದ, ಬೆರಳಿನ ದಪ್ಪ. ಆದರೂ ಗಂಧರಾಜದ ಗಿಡದ ಮುಂದೆ ನಿಂತು ಹುಡುಕಿದರೆ ಸುಲಭಕ್ಕೆ ಸಿಗದು. ಮೈ ಎಲೆಯದೇ ಹಸಿರು. ಬೆನ್ನಿನ ಎರಡು ಪಕ್ಕ ತಲೆಯಿಂದ ಕೊಂಬಿನವರೆಗೆ ಬಿಳಿಯ ಗೆರೆ, ಅದು ಎಲೆಯ ನರದಂತೆ ತೋರಿ ಕಣ್ಣನ್ನು ಮೋಸ ಮಾಡುತ್ತದೆ. ತಲೆಯ ಹಿಂದೆ ಹಳದಿ ಹರಳುಗಳ ಒಂದು ಸಾಲು. ಪಕ್ಕೆಯಲ್ಲಿ ಉಸಿರಾಡುವ ರಂಧ್ರಗಳು ಕೆಂಪಗೆ ಒಂದೊಂದು ಚುಕ್ಕೆಯಾಗಿ ಕಾಣುತ್ತವೆ. ಹುಳುವನ್ನು ಕೈಯಲ್ಲಿ ಹಿಡಿದಾಗ ಮೊದಲು ಕಣ್ಣಿಗೆ ಬೀಳುವುದು ಈ ಕೆಂಪು ಚುಕ್ಕೆಗಳೇ, ಗಿಡದ ಮೇಲಿದ್ದಾಗ ಅವೂ ಮರೆಯಾಗುತ್ತವೆ. ಇದೇ ಜಾತಿಯಲ್ಲಿ ಕಪ್ಪು ಹುಳುಗಳೂ ಉಂಟು. ಹಸಿರು, ಕಪ್ಪು ಎರಡನ್ನೂ ಒಂದೇ ಗಿಡದಲ್ಲಿ ಕಂಡವರು ಎರಡು ಬಗೆಯ ಹುಳ ಎಂದು ವಾದಿಸುತ್ತಾರೆ. ಎರಡನ್ನೂ ಸಾಕಿ ನೋಡಿದರೆ ವಾದ ಮುಗಿಯುತ್ತದೆ, ಎರಡರಿಂದಲೂ ಹೊರಬರುವುದು ಗಾಜುರೆಕ್ಕೆಯೇ.

ಹುಳು ಹುಡುಕುವ ಸರಿಯಾದ ದಾರಿ ಎಲೆ ನೋಡುವುದಲ್ಲ, ನೆಲ ನೋಡುವುದು. ಬೆಳಿಗ್ಗೆ ಅಂಗಳ ಗುಡಿಸುವವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಕುಂಡದ ಸುತ್ತ ಕಾಳುಮೆಣಸಿನಷ್ಟು ದಪ್ಪದ ಕಪ್ಪು ಹಿಕ್ಕೆ ಬಿದ್ದಿರುತ್ತದೆ, ಮೈಮೇಲೆ ಉದ್ದುದ್ದ ಗೀರುಗಳಿರುವ ಉಂಡೆ. ಹಸಿಯಾಗಿದ್ದರೆ ಹುಳು ಈಗಷ್ಟೇ ತಿಂದಿದೆ. ಹಿಕ್ಕೆ ಬಿದ್ದ ಜಾಗದಿಂದ ನೇರ ಮೇಲಕ್ಕೆ ಕಣ್ಣು ಹಾಯಿಸಿದರೆ ಬೋಳಾದ ಒಂದು ರೆಂಬೆ, ಅದರ ಪಕ್ಕದ ಎಲೆಯ ಅಡಿಯಲ್ಲಿ ನಡುನರಕ್ಕೆ ಅಂಟಿ ಮಲಗಿದ ಹುಳು. ನಂದಿಬಟ್ಟಲಿನ ಗಿಡದಲ್ಲೂ ಹೀಗೆಯೇ ಹಿಕ್ಕೆ ಬೀಳುತ್ತದೆ, ಕೊಂಬಿನ ಹಸಿರು ಹುಳುವೇ ಸಿಗುತ್ತದೆ. ಆದರೆ ಅದು ಕಣಗಿಲೆಯನ್ನೂ ತಿನ್ನುವ ಬೇರೆ ಗಿಡುಗ ಪತಂಗದ್ದು, ರಾತ್ರಿ ಹಾರುವಂಥದ್ದು. ಮೈಮುಂದೆ ಎರಡು ನೀಲಿ ಕಣ್ಣಿನಂಥ ಮಚ್ಚೆ ಇದ್ದರೆ ಅದು ಅವನೇ. ಗಿಡದ ಗುರುತಿಲ್ಲದೆ ಹುಳುವಿನ ಗುರುತು ಹಿಡಿಯಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ. ಬೆಲ್ ಕೂಡ ಗಿಡಗಳನ್ನು ಬಲ್ಲವನಾಗಿದ್ದ.

ಎಲ್ಲ ಹುಳುಗಳೂ ಪತಂಗವಾಗುವುದಿಲ್ಲ. ತೀರಾ ಕೆಲವೇ ಆಗುತ್ತವೆ. ಮೊಟ್ಟೆಯೊಳಗೇ ಮೊಟ್ಟೆಯಿಡುವ ಕಣಜಗಳಿವೆ, ಅವು ಧೂಳಿನ ಕಣದಷ್ಟು ಸಣ್ಣವು. ಹುಳುವಿನ ಬೆನ್ನಿಗೆ ಮೊಟ್ಟೆ ಅಂಟಿಸುವ ನೊಣಗಳಿವೆ. ಮೈಯೊಳಗೆ ಬೆಳೆದು, ಚರ್ಮ ತೂತು ಮಾಡಿ ಹೊರಬಂದು, ಹುಳುವಿನ ಮೇಲೆಯೇ ಅಕ್ಕಿಕಾಳಿನಂಥ ಬಿಳಿ ಗೂಡು ಕಟ್ಟುವ ಕಣಜಗಳೂ ಇವೆ. ಹುಳು ತಿಂದ ಎಲೆಯಲ್ಲಿ ಪಾಲು ಕೇಳುವ ಈ ಬಳಗವನ್ನು ವಿದ್ಯಾರ್ಥಿಗಳು ಕಂಡಾಗ ಡಬ್ಬ ಬಿಸಾಡುತ್ತಾರೆ, ಸಾಕಿದ್ದು ವ್ಯರ್ಥವಾಯಿತು ಎಂದು. ಬಿಸಾಡಬಾರದು. ಯಾವ ಹುಳುವಿನಿಂದ ಯಾವ ಕಣಜ ಬಂತು ಎಂಬ ಒಂದು ಸಾಲಿಗೆ ಪತಂಗದ ಫೋಟೋಗಿಂತ ಹೆಚ್ಚು ಬೆಲೆ.

ಕಾಫಿ ತೋಟದವರು ಇಲ್ಲಿ ಕೂತಿದ್ದಾರೆ, ಅವರಿಗೆ ಒಂದು ಮಾತು. ಗಾಜುರೆಕ್ಕೆಯ ಹುಳು ಕಾಫಿ ಎಲೆ ತಿನ್ನುತ್ತದೆ, ನಿಜ. ಹಾಗೆಂದು ನಿದ್ದೆಗೆಡುವಂಥದ್ದಲ್ಲ. ಕಾಫಿ ಬೆಳೆಗಾರನ ನಿದ್ದೆಗೆಡಿಸುವುದು ಬಿಳಿ ಕಾಂಡಕೊರಕ, ಮತ್ತು 1990ರಲ್ಲಿ ಗುಡಲೂರಿನ ಕಡೆ ಮೊದಲು ಕಾಣಿಸಿಕೊಂಡು ಆಮೇಲೆ ಕೊಡಗು, ಚಿಕ್ಕಮಗಳೂರಿಗೂ ಹಬ್ಬಿದ ಕಾಯಿಕೊರಕ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದ ಕಾಫಿಯ ರೋಗ ಮತ್ತು ಕೀಟಗಳ ಬೆನ್ನುಹತ್ತಿದೆ. ಅವರು ಮುಖ್ಯವಾಗಿ ಎಚ್ಚರಿಸುವ ಕೀಟಗಳ ಸಾಲಿನಲ್ಲಿ ಇದಿಲ್ಲ. ನರ್ಸರಿಯ ಎಳೆ ಗಿಡದಲ್ಲಿ ಒಂದೆರಡು ಹುಳು ಸಿಕ್ಕರೆ ಕೈಯಲ್ಲಿ ಹೆಕ್ಕಿ ಬೇಲಿಯ ಕಾರೆಗೆ ಬಿಡಿ. ಒಂದು ಹುಳಕ್ಕಾಗಿ ಪೂರ್ತಿ ಸಾಲಿಗೆ ಔಷಧಿ ಹೊಡೆದರೆ ಸಾಯುವುದು ಈಗ ಹೇಳಿದ ಕಣಜ, ನೊಣಗಳೇ ಮೊದಲು. ಆಮೇಲೆ ಬರುವ ಹುಳುಗಳಿಗೆ ತಡೆಯೇ ಇರುವುದಿಲ್ಲ.

ತಿಂದು ಮುಗಿಸಿದ ಹುಳು ಹಸಿರು ಬಿಟ್ಟು ಕಂದು ತಿರುಗುತ್ತದೆ. ಗಿಡದಿಂದ ಇಳಿದು, ತರಗೆಲೆಯ ನಡುವೆ ಜಾಗ ಹುಡುಕಿ, ನಾಲ್ಕಾರು ಒಣ ಎಲೆಗಳನ್ನೋ ಮಣ್ಣಿನ ಹುಡಿಯನ್ನೋ ನೂಲಿನಿಂದ ಸಡಿಲಾಗಿ ಹೆಣೆದುಕೊಳ್ಳುತ್ತದೆ. ರೇಷ್ಮೆಗೂಡಿನಂಥ ಗಟ್ಟಿ ಗೂಡಲ್ಲ. ಒಳಗೆ ಕೋಶ ಕಡು ಕಂದು, ಒಂದು ತುದಿ ಚೂಪು. ಬಿಸಿಲು ಕಾಲದಲ್ಲಿ ಎರಡು ಮೂರು ವಾರದಲ್ಲಿ ಪತಂಗ ಹೊರಬರುತ್ತದೆ, ಚಳಿ ಹೆಚ್ಚಿರುವ ಕಡೆ ಇನ್ನೂ ತಡ. ಈ ಕೋಶಗಳು ನಮ್ಮ ಕಡೆ ಮಣ್ಣಿಗಿಂತ ಹೆಚ್ಚು ದರಕಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ, ಸಿಗುತ್ತವೆ. ಘಟ್ಟದ ಮೇಲಿನವರು ಬೆಟ್ಟದಲ್ಲಿ ದರಕು ಗುಡಿಸಿ ಕೊಟ್ಟಿಗೆಗೆ ಹಾಸುವಾಗ ಕೋಶವೂ ಬರುತ್ತದೆ, ಬಂದರೂ ಅದರಲ್ಲಿ ಕೆಲವು ಬದುಕುತ್ತವೆ. ಪೇಟೆಯ ಮನೆಗಳಲ್ಲಿ ಹಾಗಲ್ಲ. ಅಂಗಳದ ತರಗೆಲೆಯನ್ನು ಪ್ರತಿ ಸಂಜೆ ಮೂಲೆಗೆ ತಳ್ಳಿ ಬೆಂಕಿ ಹಚ್ಚುತ್ತೇವೆ. ಗಂಧರಾಜಕ್ಕೆ ಮೊಟ್ಟೆ ಇಡಲು ಪತಂಗ ಬಂದೇ ಬರುತ್ತದೆ, ಕೋಶ ಮಾತ್ರ ಬೆಂಕಿಗೆ ಹೋಗುತ್ತದೆ. ಗಿಡದ ಬುಡದಲ್ಲಿ ಒಂದು ಮೊಳ ಅಗಲಕ್ಕೆ ಎಲೆ ಹಾಗೇ ಬಿಟ್ಟರೆ ಸಾಕು. ಹಾವು ಬರುತ್ತದೆ ಎನ್ನುವವರಿಗೆ ನಾನು ಒತ್ತಾಯ ಮಾಡುವುದಿಲ್ಲ.

ಸಾಕಬೇಕೆನ್ನುವ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಕೆಲವು ಕೈಕೆಲಸದ ಮಾತು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಬೇಡ, ಬೆವರು ಹಿಡಿದು ಹುಳು ಕೊಳೆಯುತ್ತದೆ. ರಟ್ಟಿನ ಪೆಟ್ಟಿಗೆಗೆ ಮೇಲೆ ಸೊಳ್ಳೆಪರದೆಯ ಬಟ್ಟೆ ಬಿಗಿಯಿರಿ. ರೆಂಬೆಯನ್ನು ನೀರಿನ ಶೀಶೆಯಲ್ಲಿ ಇಡುವುದಾದರೆ ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಹುಳು ಕಾಂಡದ ಗುಂಟ ಇಳಿದು ನೀರಿನಲ್ಲಿ ಮುಳುಗುತ್ತದೆ. ದಿನಾ ಹೊಸ ಎಲೆ, ಅದೂ ಯಾವ ಗಿಡದಲ್ಲಿ ಸಿಕ್ಕಿತೋ ಅದೇ ಗಿಡದ್ದು, ಔಷಧಿ ಹೊಡೆಯದ್ದು. ಹಿಕ್ಕೆಯನ್ನು ದಿನಾ ತೆಗೆಯಿರಿ. ಪೊರೆ ಕಳಚುವಾಗ ಹುಳು ಊಟ ಬಿಟ್ಟು ಅಲುಗಾಡದೆ ಕೂರುತ್ತದೆ, ಸತ್ತಿತೆಂದು ಕೀಳಬೇಡಿ. ಕಂದಾಗಿ ಕೆಳಗಿಳಿದಾಗ ಪೆಟ್ಟಿಗೆಯ ತಳಕ್ಕೆ ಒಂದಿಷ್ಟು ಮಣ್ಣು, ಒಣ ಎಲೆ ಹಾಕಿ. ಕೋಶವಾದ ಮೇಲೆ ಪಕ್ಕಕ್ಕೆ ಒಂದು ಒರಟು ಕಡ್ಡಿ ಓರೆಯಾಗಿ ನಿಲ್ಲಿಸಿ, ಹೊರಬಂದದ್ದು ಹತ್ತಲು. ಕೆಳಗೆ ಕಪ್ಪು ಕಾಗದ. ತಾರೀಕು, ಗಿಡ, ಜಾಗ ಈ ಮೂರನ್ನು ಬರೆಯದೆ ಏನನ್ನೂ ಬರೆಯಬೇಡಿ.

ಈ ಮೇಜಿನ ಮೇಲಿರುವ ಪೆಟ್ಟಿಗೆಯಲ್ಲಿ ಮೂರು ಹುಳು, ಒಂದು ಕೋಶ ಇವೆ. ಒಂದು ಹುಳು ಕಪ್ಪು. ಪ್ರಶ್ನೆ ಕೇಳುವವರು ಕೇಳಿ, ಹುಳು ನೋಡುವವರು ಸಾಲಾಗಿ ಮುಂದೆ ಬನ್ನಿ. ಕೈಮೇಲೆ ಬಿಟ್ಟುಕೊಳ್ಳಬಹುದು, ಕಚ್ಚುವುದಿಲ್ಲ, ಹೆಚ್ಚೆಂದರೆ ಹಸಿರು ರಸ ಕಾರುತ್ತದೆ, ಅಂಗಿಗೆ ತಾಗದಂತೆ ನೋಡಿಕೊಳ್ಳಿ.